ಯೂನಿವರ್ಸಿಟಿ ದೊಡ್ಡದಾ, ಡಿಪಾರ್ಟ್‌ಮೆಂಟ್ ದೊಡ್ಡದಾ? 8 ಪೋಸ್ಟ್‌ಗಳಲ್ಲಿ ಒಂದಷ್ಟು ಹಳೇ ಕಥೆ

1/8

ಆರನೇ ಸೆಮ್ ಮುಗಿಯೋಕೆ ಬಂತು. ಕ್ಲಾಸ್ ಗ್ರೂಪಲ್ಲಿ ಈಗ ಒಂದೇ ಪ್ರಶ್ನೆ: "ಪಿಜಿ ಎಲ್ಲಿಗೆ ಹಾಕ್ತಿದ್ದೀಯ?"

ನನ್ನ ಮುಂದೆ ಎರಡು ಅರ್ಜಿ ಇವೆ. ಒಂದು, ಹೆಸರು ಹೇಳಿದರೆ ಸಾಕು ನೆಂಟರೆಲ್ಲ "ಓಹೋ" ಅನ್ನೋ ಹಳೇ ಯೂನಿವರ್ಸಿಟಿ. ಆದರೆ ನನಗೆ ಬೇಕಾದ ಎಕನಾಮಿಕ್ಸ್ ಡಿಪಾರ್ಟ್‌ಮೆಂಟಲ್ಲಿ ಖಾಯಂ ಮೇಷ್ಟ್ರು ಇಬ್ಬರೇ ಇದ್ದಾರೆ, ಉಳಿದವರೆಲ್ಲ ಅತಿಥಿ ಉಪನ್ಯಾಸಕರು ಅಂತ ಅಲ್ಲಿ ಓದಿದ ಸೀನಿಯರ್ ಒಬ್ಬರು ಹೇಳಿದರು. ಇನ್ನೊಂದು, ಹೆಸರು ಹೇಳಿದರೆ "ಅದೆಲ್ಲಿದೆ?" ಅಂತ ಕೇಳಿಸಿಕೊಳ್ಳೋ ಯೂನಿವರ್ಸಿಟಿ. ಅಲ್ಲಿನ ಎಕನಾಮಿಕ್ಸ್ ಡಿಪಾರ್ಟ್‌ಮೆಂಟ್ ಬಗ್ಗೆ ಮಾತ್ರ ಗೊತ್ತಿರೋರು ತುಂಬಾ ಒಳ್ಳೇ ಮಾತಾಡ್ತಾರೆ.

ಅಪ್ಪ ಒಂದೇ ಮಾತಲ್ಲಿ ಮುಗಿಸಿದರು: "ಸರ್ಟಿಫಿಕೇಟ್ ಮೇಲೆ ದೊಡ್ಡಕ್ಷರದಲ್ಲಿ ಯಾರ ಹೆಸರಿರುತ್ತೆ? ಯೂನಿವರ್ಸಿಟಿದೋ, ಡಿಪಾರ್ಟ್‌ಮೆಂಟ್‌ದೋ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸರಿ, ನಮಗಿಂತ ಮುಂಚೆ ಈ ದಾರಿಯಲ್ಲಿ ಹೋದವರು ಏನು ಮಾಡಿದರು ಅಂತ ಹುಡುಕಿ ಓದೋಕೆ ಕೂತೆ. ಸಿಕ್ಕಿದ್ದನ್ನ ನಿಮಗೂ ಹೇಳ್ತೀನಿ. ನಿಮ್ಮಲ್ಲೂ ಎಷ್ಟೋ ಜನ ಇದೇ ತಲೆಬಿಸಿಯಲ್ಲಿದ್ದೀರಿ ಅಂತ ಗೊತ್ತು.

ಅದಕ್ಕೆ ಮುಂಚೆ ಒಂದು ನೆನಪು ಮಾಡಿಕೊಳ್ಳಿ. ಸೆಕೆಂಡ್ ಪಿಯುಸಿಯಲ್ಲಿ ಪಾರ್ಟ್‌ನರ್ ರಿಟೈರ್ ಆಗೋ ಲೆಕ್ಕ ಮಾಡಿದ್ವಲ್ಲ? ಪಾರ್ಟ್‌ನರ್ ಹೊರಗೆ ಹೋದಾಗ ಗುಡ್‌ವಿಲ್‌ಗೆ ಹೊಸದಾಗಿ ಬೆಲೆ ಕಟ್ಟಬೇಕು. ಅಂಗಡಿ ಬೋರ್ಡ್ ಮೇಲಿನ ಹೆಸರು ಹಾಗೇ ಇದ್ದರೂ ಲೆಕ್ಕ ಬೇರೆ ಆಗುತ್ತೆ. ಈ ಎಂಟು ಪೋಸ್ಟ್ ಓದುವಾಗ ಆ ಲೆಕ್ಕ ತಲೆಯಲ್ಲಿರಲಿ.

2/8

ಶುರು ಮಾಡೋಣ, ನಮ್ಮ ಮೈಸೂರಿಂದಲೇ.

ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರ ಜುಲೈ 27ರಂದು. ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು, ವಿಶ್ವೇಶ್ವರಯ್ಯ ದಿವಾನರು, ಎಚ್.ವಿ. ನಂಜುಂಡಯ್ಯ ಮೊದಲ ವೈಸ್ ಚಾನ್ಸಲರ್. ದೇಶೀ ಸಂಸ್ಥಾನವೊಂದರಲ್ಲಿ ಶುರುವಾದ ಮೊದಲ ವಿಶ್ವವಿದ್ಯಾನಿಲಯ ಇದು. ಇವತ್ತು ನಮಗೆ ಅದು ಹೆಮ್ಮೆ. ಆದರೆ ಆಗಿನ ಕಾಲದ ಹುಡುಗನೊಬ್ಬನ ಜಾಗದಲ್ಲಿ ನಿಂತು ಯೋಚಿಸಿ. ಕಲ್ಕತ್ತಾ, ಬಾಂಬೆ, ಮದ್ರಾಸ್ ಯೂನಿವರ್ಸಿಟಿಗಳು 1857ರವು. ಮೈಸೂರು ಅಂದರೆ ನಿನ್ನೆ ಮೊನ್ನೆ ಹುಟ್ಟಿದ ಕೂಸು. "ಅದಕ್ಯಾಕೆ ಸೇರ್ತೀಯ, ಮದ್ರಾಸಿಗೆ ಹೋಗು" ಅಂದ ಅಪ್ಪಂದಿರು ಆಗಲೂ ಇದ್ದಿರಲೇಬೇಕು.

1918ರಲ್ಲಿ ಮಹಾರಾಜ ಕಾಲೇಜಿಗೆ ತತ್ತ್ವಶಾಸ್ತ್ರದ ಪ್ರೊಫೆಸರ್ ಆಗಿ ಒಬ್ಬರು ಬಂದರು. ವಯಸ್ಸು ಸುಮಾರು ಮೂವತ್ತು. ಹೆಸರು ಸರ್ವಪಲ್ಲಿ ರಾಧಾಕೃಷ್ಣನ್. ಮುಂದೆ ರಾಷ್ಟ್ರಪತಿ ಆದವರು, ನಾವು ಪ್ರತಿ ಸೆಪ್ಟೆಂಬರ್ 5ಕ್ಕೆ ನೆನೆಯೋರು. ಎರಡು ವರ್ಷದ ಯೂನಿವರ್ಸಿಟಿಯ ಒಂದು ಡಿಪಾರ್ಟ್‌ಮೆಂಟಿಗೆ ಅಂಥ ಮೇಷ್ಟ್ರು ಸಿಕ್ಕಿದ್ದರು!

ಆದರೆ ಎಷ್ಟು ದಿನ? ಬರೀ ಮೂರು ವರ್ಷ. ಕಲ್ಕತ್ತಾ ಯೂನಿವರ್ಸಿಟಿಯ ಅಶುತೋಷ್ ಮುಖರ್ಜಿ ಅವರನ್ನ ಕರೆಸಿಕೊಂಡರು. 1921ರಲ್ಲಿ ರಾಧಾಕೃಷ್ಣನ್ ಹೊರಟಾಗ ವಿದ್ಯಾರ್ಥಿಗಳು ಗಾಡಿಗೆ ಹೂವು ಕಟ್ಟಿ, ಕುದುರೆ ಬಿಚ್ಚಿ, ತಾವೇ ಎಳೆದುಕೊಂಡು ರೈಲ್ವೆ ಸ್ಟೇಷನ್‌ಗೆ ಬಿಟ್ಟು ಬಂದರು ಅಂತ ಇವತ್ತಿಗೂ ಹೇಳ್ತಾರೆ.

ಕಥೆ ಕೇಳೋಕೆ ಚೆನ್ನಾಗಿದೆ. ಆದರೆ ಅವರ ಹತ್ತಿರ ಓದಬೇಕು ಅಂತಲೇ ಆ ವರ್ಷ ಮೈಸೂರಿಗೆ ಬಂದ ಹುಡುಗ ಇದ್ದಿದ್ದರೆ? ಅವನು ಬಂದ, ಮೇಷ್ಟ್ರು ಹೋದರು.

ಅವನ ಕಥೆ ಅಲ್ಲಿಗೆ ಮುಗೀತಾ? ಇಲ್ಲ. ಅದೇ ಡಿಪಾರ್ಟ್‌ಮೆಂಟಲ್ಲಿ ಎ.ಆರ್. ವಾಡಿಯಾ ಇದ್ದರು, ಮುಂದೆ ಎಷ್ಟೋ ವರ್ಷ ಅಲ್ಲೇ ಪಾಠ ಮಾಡಿದರು. ಅದೇ ಕಾಲೇಜಿನ ಸಂಸ್ಕೃತ ವಿಭಾಗದಲ್ಲಿ ಎಂ. ಹಿರಿಯಣ್ಣ ಇದ್ದರು. ಭಾರತೀಯ ದರ್ಶನಗಳ ಬಗ್ಗೆ 1932ರಲ್ಲಿ ಬಂದ ಅವರ ಪುಸ್ತಕವನ್ನ ಈಗಲೂ ಓದ್ತಾರೆ. ಹೆಸರುವಾಸಿ ಒಬ್ಬರು ಹೋದರೂ ಪಾಠ ನಿಲ್ಲಲಿಲ್ಲ. ಇದನ್ನ ನೆನಪಿಟ್ಟುಕೊಳ್ಳಿ, ನಾಲ್ಕನೇ ಪೋಸ್ಟಲ್ಲಿ ಬೇಕಾಗುತ್ತೆ.

3/8

ಅದೇ 1921. ರಾಧಾಕೃಷ್ಣನ್ ಕಲ್ಕತ್ತಾಗೆ ಹೋದ ವರ್ಷವೇ ಇನ್ನೊಬ್ಬ ಮೇಷ್ಟ್ರು ಕಲ್ಕತ್ತಾ ಬಿಟ್ಟರು. ಸತ್ಯೇಂದ್ರನಾಥ ಬೋಸ್.

ಆಗ ಕಲ್ಕತ್ತಾದ ಭೌತಶಾಸ್ತ್ರ ಅಂದರೆ ಸಾಮಾನ್ಯ ಅಲ್ಲ. ಸಿ.ವಿ. ರಾಮನ್ ಸರ್ಕಾರದ ಹಣಕಾಸು ಇಲಾಖೆಯ ದೊಡ್ಡ ಕೆಲಸ ಬಿಟ್ಟು 1917ರಲ್ಲಿ ಅಲ್ಲಿ ಪ್ರೊಫೆಸರ್ ಆಗಿದ್ದರು. (ಹೌದು, ರಾಮನ್ ಮೊದಲು ನಮ್ಮ ಲೈನಿನವರೇ, ಲೆಕ್ಕಪತ್ರದ ಆಫೀಸರ್!) ಬೋಸ್, ಮೇಘನಾದ ಸಾಹಾ ಇಬ್ಬರೂ ಅಲ್ಲಿ ಲೆಕ್ಚರರ್‌ಗಳು. ಯೂನಿವರ್ಸಿಟಿಗೂ ಹೆಸರು, ಡಿಪಾರ್ಟ್‌ಮೆಂಟಿಗೂ ಹೆಸರು.

ಬೋಸ್ ಹೋಗಿದ್ದು ಎಲ್ಲಿಗೆ? ಢಾಕಾಗೆ. ಅಲ್ಲಿನ ಯೂನಿವರ್ಸಿಟಿ ಶುರುವಾಗಿದ್ದೇ ಆ ವರ್ಷ. ಅಲ್ಲಿ ರೀಡರ್ ಹುದ್ದೆ ಸಿಕ್ಕಿತ್ತು.

ಮೂರು ವರ್ಷ ಆದಮೇಲೆ, 1924ರಲ್ಲಿ, ಅದೇ ಢಾಕಾದಿಂದ ಬೋಸ್ ಒಂದು ಲೇಖನವನ್ನ ಐನ್‌ಸ್ಟೀನ್‌ಗೆ ಕಳಿಸಿದರು. ಪ್ಲಾಂಕ್ ನಿಯಮವನ್ನ ಹೊಸ ರೀತಿಯಲ್ಲಿ ಸಾಧಿಸಿ ತೋರಿಸಿದ ಪುಟ್ಟ ಲೇಖನ. ಐನ್‌ಸ್ಟೀನ್ ಅದನ್ನ ತಾವೇ ಜರ್ಮನ್‌ಗೆ ಅನುವಾದ ಮಾಡಿ ಪ್ರಕಟಣೆಗೆ ಕೊಟ್ಟರು. ಇವತ್ತು ವಿಜ್ಞಾನದ ಪುಸ್ತಕದಲ್ಲಿ "ಬೋಸಾನ್" ಅನ್ನೋ ಪದ ಇದೆಯಲ್ಲ, ಅದು ಇವರ ಹೆಸರಿಂದ ಬಂದಿದ್ದು. ಬೋಸ್‌ಗೆ ಪಿಎಚ್‌ಡಿ ಕೂಡ ಇರಲಿಲ್ಲ.

ಹಾಗಂತ "ಹೊಸ ಜಾಗಕ್ಕೆ ಹೋಗಿದ್ದಕ್ಕೇ ಗೆದ್ದರು" ಅಂತ ಹೇಳಿದರೆ ನಾನು ಮೋಸ ಮಾಡಿದ ಹಾಗೆ. ರಾಮನ್ ಕಲ್ಕತ್ತಾದಲ್ಲೇ ಉಳಿದರು, 1930ರಲ್ಲಿ ನೊಬೆಲ್ ಬಂತು. ಆದರೆ ಅಲ್ಲೂ ಒಂದು ತಮಾಷೆ ಇದೆ. 1928ರ ಫೆಬ್ರವರಿ 28ರ ಆ ಪ್ರಸಿದ್ಧ ಪ್ರಯೋಗ ನಡೆದಿದ್ದು ಯೂನಿವರ್ಸಿಟಿ ಕಟ್ಟಡದಲ್ಲಲ್ಲ, ಬೌಬಜಾರ್ ಬೀದಿಯ ಇನ್ನೊಂದು ಸಂಸ್ಥೆಯ ಲ್ಯಾಬಲ್ಲಿ. ಹುದ್ದೆ ಒಂದು ಕಡೆ, ಕೆಲಸ ಇನ್ನೊಂದು ಕಡೆ.

ಬೋಸ್, ರಾಮನ್ ಇಬ್ಬರ ಕಥೆಯಿಂದ ನನಗೆ ಕಂಡಿದ್ದು ಇಷ್ಟೇ: ಗೇಟಿನ ಮೇಲಿನ ಹೆಸರು ನೋಡಿ ಒಳಗೆ ಎಂಥ ಕೆಲಸ ನಡೀತಿದೆ ಅಂತ ಹೇಳೋಕೆ ಆಗಲ್ಲ.

4/8

"ವೋಟ್ ಬ್ಯಾಂಕ್" ಅನ್ನೋ ಪದ ಟೀವಿಯಲ್ಲಿ ದಿನಕ್ಕೆ ಹತ್ತು ಸಲ ಕೇಳ್ತೀವಿ. ಅದನ್ನ ಬಳಕೆಗೆ ತಂದವರು ಮೈಸೂರಿನವರು ಅಂತ ಗೊತ್ತಾ? ಎಂ.ಎನ್. ಶ್ರೀನಿವಾಸ್. ಹುಟ್ಟಿದ್ದು 1916, ಮೈಸೂರು ಯೂನಿವರ್ಸಿಟಿಗೂ ಅವರಿಗೂ ಒಂದೇ ವಯಸ್ಸು.

ಅವರು ಮಹಾರಾಜ ಕಾಲೇಜಲ್ಲಿ ಓದಿದ್ದು ಸಾಮಾಜಿಕ ತತ್ತ್ವಶಾಸ್ತ್ರ. ಅಂದರೆ ರಾಧಾಕೃಷ್ಣನ್ ಹೋದಮೇಲೂ ಪಾಠ ನಿಲ್ಲಲಿಲ್ಲ ಅಂದೆನಲ್ಲ, ಆ ಕಾಲೇಜಿನ ಮುಂದಿನ ತಲೆಮಾರಿನ ಹುಡುಗ ಇವರು.

ಇಲ್ಲಿಂದ ಮುಂದೆ ಅವರು ಇಟ್ಟ ಒಂದೊಂದು ಹೆಜ್ಜೆ ನೋಡಿ.

ಮೊದಲು ಬಾಂಬೆ. ಯೂನಿವರ್ಸಿಟಿ 1857ರದ್ದು, ಆದರೆ ಅಲ್ಲಿ ಸಮಾಜಶಾಸ್ತ್ರ ವಿಭಾಗ ಬಂದಿದ್ದು 1919ರಲ್ಲಿ. 1924ರಿಂದ ಅದನ್ನ ನಡೆಸ್ತಿದ್ದವರು ಜಿ.ಎಸ್. ಘುರ್ಯೆ. ಇರಾವತಿ ಕರ್ವೆ, ಎ.ಆರ್. ದೇಸಾಯಿ ಎಲ್ಲ ಘುರ್ಯೆ ಶಿಷ್ಯರೇ. ಶ್ರೀನಿವಾಸ್ ಕೂಡ ಅವರ ಕೈಕೆಳಗೆ ಎಂ.ಎ. ಮಾಡಿದರು, ಕೊಡವರ ಬಗ್ಗೆ ಪಿಎಚ್‌ಡಿ ಮಾಡಿದರು.

ಆಮೇಲೆ ಆಕ್ಸ್‌ಫರ್ಡ್. ಅಲ್ಲಿ ರಾಡ್‌ಕ್ಲಿಫ್ ಬ್ರೌನ್, ಇವಾನ್ಸ್ ಪ್ರಿಚರ್ಡ್ ಮೇಷ್ಟ್ರು. ಅದೇ ಕೊಡವರ ಸಾಮಗ್ರಿಯನ್ನ ಹೊಸ ಕಣ್ಣಲ್ಲಿ ನೋಡಿ ಮತ್ತೆ ಬರೆದರು. 1952ರಲ್ಲಿ ಪುಸ್ತಕ ಬಂತು. ನಾವು ಕೇಳಿರೋ "ಸಂಸ್ಕೃತೀಕರಣ" ಅನ್ನೋ ವಿಚಾರ ಆ ಪುಸ್ತಕದ್ದು. ಮಾಹಿತಿ ಅದೇ, ಡಿಪಾರ್ಟ್‌ಮೆಂಟ್ ಬದಲಾದಾಗ ಕೇಳೋ ಪ್ರಶ್ನೆ ಬದಲಾಯ್ತು!

ಓದು ಮುಗಿದಮೇಲೆ ಆಕ್ಸ್‌ಫರ್ಡ್ ಅವರಿಗೆ ಕೆಲಸವನ್ನೂ ಕೊಟ್ಟಿತ್ತು. 1951ರಲ್ಲಿ ಅದನ್ನ ಬಿಟ್ಟು ಎಲ್ಲಿಗೆ ಬಂದರು ಹೇಳಿ? ಬರೋಡಾಗೆ. ಮಹಾರಾಜ ಸಯಾಜಿರಾವ್ ಯೂನಿವರ್ಸಿಟಿ ಶುರುವಾಗಿ ಆಗ ಎರಡೇ ವರ್ಷ. ಅಲ್ಲಿ ಸಮಾಜಶಾಸ್ತ್ರ ವಿಭಾಗವನ್ನ ಮೊದಲಿಂದ ಕಟ್ಟೋ ಅವಕಾಶ ಇತ್ತು. ಮೈಸೂರು ಸೀಮೆಯ ಹಳ್ಳಿಯೊಂದರ ಬಗ್ಗೆ ಬರೆದ, "ವೋಟ್ ಬ್ಯಾಂಕ್" ಪದ ಇರೋ ಲೇಖನ 1955ರದ್ದು. ಆಗ ಅವರು ಬರೋಡಾದಲ್ಲೇ ಇದ್ದರು.

ಆಕ್ಸ್‌ಫರ್ಡ್ ಬಿಟ್ಟು ಬರೋಡಾ! ನಮ್ಮ ಮನೆಯಲ್ಲಿ ಹೀಗೆ ಹೇಳಿದರೆ ಊಟ ಹಾಕ್ತಾರಾ?

5/8

1959ರಲ್ಲಿ ಶ್ರೀನಿವಾಸ್ ಬರೋಡಾದಿಂದ ದೆಹಲಿಗೆ ಹೋದರು. ಹೋಗಿದ್ದು ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ. ಎಲ್ಲರ ಬಾಯಲ್ಲಿ ಅದು "ಡಿ ಸ್ಕೂಲ್". ಇದು ಕಾಮರ್ಸ್‌ನವರಾದ ನಮಗೆ ಗೊತ್ತಿರಲೇಬೇಕಾದ ಜಾಗ.

ದೆಹಲಿ ಯೂನಿವರ್ಸಿಟಿ ಶುರುವಾಗಿದ್ದು 1922ರಲ್ಲಿ, ಕೈಬೆರಳಲ್ಲಿ ಎಣಿಸೋಷ್ಟು ಕಾಲೇಜುಗಳ ಜೊತೆ. 1942ರಲ್ಲಿ ಅಲ್ಲಿಗೆ ಎಕನಾಮಿಕ್ಸ್ ಪ್ರೊಫೆಸರ್ ಆಗಿ ಬಂದವರು ವಿ.ಕೆ.ಆರ್.ವಿ. ರಾವ್. ಕೇಂಬ್ರಿಡ್ಜಲ್ಲಿ ಓದಿ, ಬ್ರಿಟಿಷ್ ಇಂಡಿಯಾದ ರಾಷ್ಟ್ರೀಯ ಆದಾಯವನ್ನ ಲೆಕ್ಕ ಹಾಕಿದವರು. ಮುಂದೆ ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಗೆದ್ದರು, ಕೇಂದ್ರದಲ್ಲಿ ಶಿಕ್ಷಣ ಮಂತ್ರಿಯೂ ಆದರು.

ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಥರದ್ದು ನಮ್ಮಲ್ಲೂ ಬೇಕು ಅಂತ ರಾವ್ ಹಠ ಹಿಡಿದು 1949ರಲ್ಲಿ ಡಿ ಸ್ಕೂಲ್ ಕಟ್ಟಿದರು. ಆಮೇಲೆ ಅಲ್ಲಿ ಪಾಠ ಮಾಡಿದವರ ಹೆಸರು ಕೇಳಿ: ಕೆ.ಎನ್. ರಾಜ್, ಸುಖಮಯ್ ಚಕ್ರವರ್ತಿ, ಜಗದೀಶ್ ಭಗವತಿ, 1963ರಿಂದ ಅಮರ್ತ್ಯ ಸೇನ್, 1969ರಿಂದ ಮನಮೋಹನ್ ಸಿಂಗ್. ಅದೇ ಆವರಣದಲ್ಲಿ ಶ್ರೀನಿವಾಸ್ ಕಟ್ಟಿದ ಸಮಾಜಶಾಸ್ತ್ರ ವಿಭಾಗ. ಅಲ್ಲಿ ಆಂದ್ರೆ ಬೆತೆಯ್, ಬರೋಡಾದಲ್ಲಿ ಶ್ರೀನಿವಾಸ್ ಶಿಷ್ಯರಾಗಿದ್ದ ಎ.ಎಂ. ಶಾ. ಸೇನ್‌ಗೆ 1998ರಲ್ಲಿ ನೊಬೆಲ್ ಬಂತಲ್ಲ, ಅವರ ಮುಖ್ಯ ಪುಸ್ತಕಗಳಲ್ಲಿ ಒಂದು 1970ರಲ್ಲಿ, ಅವರು ಡಿ ಸ್ಕೂಲಲ್ಲಿ ಮೇಷ್ಟ್ರಾಗಿದ್ದಾಗಲೇ ಬಂದಿದ್ದು.

ಗಮನಿಸಿ, ಇಲ್ಲಿ ಹೆಸರು ಹರಿದಿದ್ದು ಉಲ್ಟಾ ದಿಕ್ಕಿಗೆ. ಯೂನಿವರ್ಸಿಟಿ ಹೆಸರಿಂದ ಡಿಪಾರ್ಟ್‌ಮೆಂಟ್ ಬೆಳೀಲಿಲ್ಲ, ಡಿಪಾರ್ಟ್‌ಮೆಂಟ್ ತನ್ನ ಹೆಸರನ್ನ ಯೂನಿವರ್ಸಿಟಿಗೆ ಕೊಟ್ಟಿತು. ಅಲ್ಲಿ ಓದಿದವರು ಇವತ್ತಿಗೂ "ದೆಹಲಿ ಯೂನಿವರ್ಸಿಟಿ" ಅನ್ನೋಕೆ ಮುಂಚೆ "ಡಿ ಸ್ಕೂಲ್" ಅಂತಾರೆ.

ಇಲ್ಲಿಗೆ ಕಥೆ ನಿಲ್ಲಿಸಿದ್ದರೆ ಉತ್ತರ ಸುಲಭ ಇತ್ತು: "ಡಿಪಾರ್ಟ್‌ಮೆಂಟೇ ದೊಡ್ಡದು, ನಡೀರಿ." ಆದರೆ 1968 ಬಂತು.

6/8

1968: ಭಗವತಿ ಅಮೆರಿಕದ ಎಂಐಟಿಗೆ ಹೋದರು.
1971: ಅಮರ್ತ್ಯ ಸೇನ್ ಲಂಡನ್‌ಗೆ ಹೋದರು.
1971: ಮನಮೋಹನ್ ಸಿಂಗ್ ಸರ್ಕಾರಿ ಕೆಲಸಕ್ಕೆ ಹೋದರು.
1971: ಕೆ.ಎನ್. ರಾಜ್ ತಿರುವನಂತಪುರದಲ್ಲಿ ಹೊಸ ಸಂಶೋಧನಾ ಕೇಂದ್ರ ಕಟ್ಟಿದರು.
1972: ಎಂ.ಎನ್. ಶ್ರೀನಿವಾಸ್ ಬೆಂಗಳೂರಿಗೆ ಬಂದರು.

ಬೆಂಗಳೂರಿಗೆ ಯಾಕೆ? ಡಿ ಸ್ಕೂಲ್ ಕಟ್ಟಿದ ಅದೇ ವಿ.ಕೆ.ಆರ್.ವಿ. ರಾವ್ ಇಲ್ಲಿ ಹೊಸ ಸಂಸ್ಥೆ ಶುರು ಮಾಡ್ತಿದ್ದರು. ನಾಗರಭಾವಿ ಕಡೆ ಬಸ್ಸಲ್ಲಿ ಹೋಗುವಾಗ ಐಸೆಕ್ ಅಂತ ಬೋರ್ಡ್ ಕಾಣುತ್ತಲ್ಲ, ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ, ಅದೇ.

ಈಗ 1972ರಲ್ಲಿ ಡಿ ಸ್ಕೂಲ್ ಸೇರಿದ ಒಬ್ಬ ಹುಡುಗಿಯನ್ನ ಕಲ್ಪಿಸಿಕೊಳ್ಳಿ. ಊರಲ್ಲಿ ಯಾರೋ ಅಣ್ಣ "ಅಲ್ಲಿ ಅಮರ್ತ್ಯ ಸೇನ್ ಇದ್ದಾರೆ, ರಾಜ್ ಇದ್ದಾರೆ" ಅಂತ ಹೇಳಿದ್ದ. ಅಣ್ಣ ಹೇಳಿದ್ದು ಸುಳ್ಳಲ್ಲ. ಎರಡು ವರ್ಷ ಹಳೇದು, ಅಷ್ಟೇ.

ಇಲ್ಲೇ ನನಗೆ ಪಿಯುಸಿ ಲೆಕ್ಕ ನೆನಪಾಗಿದ್ದು. ಯೂನಿವರ್ಸಿಟಿ ಹೆಸರು ಜಾಗದಲ್ಲೇ ಕೂತಿರುತ್ತೆ. ಡಿಪಾರ್ಟ್‌ಮೆಂಟ್ ಹೆಸರಿಗೆ ಕಾಲಿದೆ, ಮೇಷ್ಟ್ರ ಜೊತೆ ಎದ್ದು ಹೋಗುತ್ತೆ. ಹೋಗಿದೆ ಅಂತ ಹೊರಗಿನವರಿಗೆ ಗೊತ್ತಾಗೋಕೆ ಮಾತ್ರ ಎಷ್ಟೋ ವರ್ಷ ಬೇಕು.

ಆದರೂ ಆ ಹುಡುಗಿ ಮೋಸ ಹೋದಳು ಅಂತ ಅನ್ಕೋಬೇಡಿ. ಸುಖಮಯ್ ಚಕ್ರವರ್ತಿ ಡಿ ಸ್ಕೂಲನ್ನ ಬಿಡಲಿಲ್ಲ. ಬೆತೆಯ್ ರಿಟೈರ್ ಆಗೋವರೆಗೂ ಅಲ್ಲೇ ಇದ್ದರು. 1977ರಲ್ಲಿ ಕೌಶಿಕ್ ಬಸು ಬಂದರು, ಮುಂದೆ ಅವರು ವಿಶ್ವಬ್ಯಾಂಕಿನ ಮುಖ್ಯ ಅರ್ಥಶಾಸ್ತ್ರಜ್ಞ ಆದರು. ರತನ್ ಟಾಟಾ ಲೈಬ್ರರಿ ಇದ್ದಲ್ಲೇ ಇತ್ತು. ಮೈಸೂರಲ್ಲಿ ಆಗಿದ್ದೇ ಇಲ್ಲೂ ಆಯ್ತು: ಹೋದವರ ಜಾಗಕ್ಕೆ ಒಳ್ಳೆಯವರು ಬರ್ತಾ ಇದ್ದರೆ ಡಿಪಾರ್ಟ್‌ಮೆಂಟ್ ಬದುಕುತ್ತೆ. ಹೋದವರ ಜಾಗ ಖಾಲಿ ಬಿಟ್ಟರೆ ಬರೀ ಫೋಟೋ ಉಳಿಯುತ್ತೆ, ಗೋಡೆ ಮೇಲೆ, ಹಾರ ಹಾಕಿಕೊಂಡು.

7/8

ಈಗ ಅಪ್ಪನ ಪ್ರಶ್ನೆಗೆ ಬರೋಣ. ಸರ್ಟಿಫಿಕೇಟ್.

ಬಾಂಬೆ ಯೂನಿವರ್ಸಿಟಿ 1933ರಲ್ಲಿ ರಾಸಾಯನಿಕ ತಂತ್ರಜ್ಞಾನಕ್ಕೆ ಅಂತ ಒಂದು ಡಿಪಾರ್ಟ್‌ಮೆಂಟ್ ಶುರು ಮಾಡಿತು. ಜನ ಕರೆದಿದ್ದು "ಯುಡಿಸಿಟಿ" ಅಂತ. ಡಾ. ರೆಡ್ಡೀಸ್ ಔಷಧಿ ಕಂಪನಿ ಕಟ್ಟಿದ ಅಂಜಿ ರೆಡ್ಡಿ, ಮುಕೇಶ್ ಅಂಬಾನಿ, ವಿಜ್ಞಾನಿ ಮಾಶೇಲ್ಕರ್ ಮೂವರೂ ಅಲ್ಲಿ ಓದಿದವರು. ಅವರು ಓದುವಾಗ ಪದವಿ ಬಾಂಬೆ ಯೂನಿವರ್ಸಿಟಿಯದ್ದು. ಆದರೆ ಕೆಮಿಕಲ್ ಉದ್ಯಮದಲ್ಲಿ ಕೇಳ್ತಿದ್ದ ಹೆಸರು ಯುಡಿಸಿಟಿ. ಕೊನೆಗೆ 2008ರಲ್ಲಿ ಆ ಡಿಪಾರ್ಟ್‌ಮೆಂಟೇ ತನ್ನದೇ ಹೆಸರಲ್ಲಿ ವಿಶ್ವವಿದ್ಯಾನಿಲಯದ ಸ್ಥಾನ ಪಡೀತು. ಈಗ ಅದು ಐಸಿಟಿ. ಮಗ ಬೆಳೆದು ಬೇರೆ ಮನೆ ಮಾಡಿದ ಹಾಗೆ.

ಅಂದರೆ ಅಪ್ಪನ ಮಾತು ತಪ್ಪಾ? ಪೂರ್ತಿ ತಪ್ಪಲ್ಲ. ಡಿಪಾರ್ಟ್‌ಮೆಂಟಿನ ಹೆಸರು ಆ ವಿಷಯದ ಒಳಗಿರೋರಿಗೆ ಮಾತ್ರ ಗೊತ್ತಿರುತ್ತೆ. ಬ್ಯಾಂಕ್ ಇಂಟರ್‌ವ್ಯೂನಲ್ಲಿ ಕೂತವರಿಗೆ, ಬೇರೆ ರಾಜ್ಯದ ಎಚ್‌ಆರ್‌ಗೆ, ಸಂಬಂಧ ನೋಡೋಕೆ ಬರೋ ನೆಂಟರಿಗೆ ಗೊತ್ತಿರಲ್ಲ. ಮನೆಯಲ್ಲಿ ಮೊದಲ ಸಲ ಡಿಗ್ರಿ ಮಾಡ್ತಿರೋ, ದೊಡ್ಡ ಊರಲ್ಲಿ ಯಾರ ಪರಿಚಯವೂ ಇಲ್ಲದ ನಮ್ಮಂಥವರಿಗೆ ಯೂನಿವರ್ಸಿಟಿ ಹೆಸರೇ ಪರಿಚಯ ಪತ್ರ. ಅದನ್ನ "ಬರೀ ಹೆಸರು" ಅಂತ ತಳ್ಳಿಹಾಕೋರು ಸಾಮಾನ್ಯವಾಗಿ ಬೇರೆ ಪರಿಚಯ ಪತ್ರ ಇರೋರು.

ಇನ್ನೊಂದು ವಿಷಯ. ಓದ್ತಾ ಓದ್ತಾ ನಮ್ಮ ಮನಸ್ಸೂ ಬದಲಾಗಬಹುದು. ಎಕನಾಮಿಕ್ಸ್ ಬೇಡ, ಬೇರೇನೋ ಮಾಡ್ತೀನಿ ಅನ್ನಿಸಿದರೆ ಆಗ ಜೊತೆಗೆ ಬರೋದು ಯೂನಿವರ್ಸಿಟಿ ಹೆಸರೇ.

ಬೋಸ್, ಶ್ರೀನಿವಾಸ್ ಚಿಕ್ಕ ಜಾಗಕ್ಕೆ ಧೈರ್ಯವಾಗಿ ಹೋದರು, ನಿಜ. ಆದರೆ ಹೋಗುವಾಗ ಅವರ ಚೀಲದಲ್ಲಿ ಕಲ್ಕತ್ತಾ ಇತ್ತು, ಆಕ್ಸ್‌ಫರ್ಡ್ ಇತ್ತು. ನಮ್ಮ ಚೀಲದಲ್ಲಿ ಏನಿದೆ ಅಂತ ನೋಡಿಕೊಂಡೇ ಹೆಜ್ಜೆ ಇಡಬೇಕು.

8/8

ಹಾಗಾದರೆ ಕೊನೆಗೆ ಏನು? ಇಷ್ಟು ಓದಿ ನಾನು ಕಲಿತಿದ್ದು ಹೇಳ್ತೀನಿ, ಒಪ್ಪೋದು ಬಿಡೋದು ನಿಮಗೆ ಬಿಟ್ಟಿದ್ದು.

ಪಿಯುಸಿ ಮುಗಿಸಿ ಡಿಗ್ರಿಗೆ ಹೋಗೋ ತಮ್ಮ ತಂಗಿಯರೇ, ಇನ್ನೂ ಏನು ಇಷ್ಟ ಅಂತ ಗೊತ್ತಿಲ್ಲದಿದ್ದರೆ ಒಟ್ಟು ಸಂಸ್ಥೆ ಹೇಗಿದೆ ನೋಡಿ. ಪಿಜಿ ಮಾಡೋರು ಡಿಪಾರ್ಟ್‌ಮೆಂಟ್ ನೋಡಿ. ಪಿಎಚ್‌ಡಿ ಮಾಡೋರು ಒಬ್ಬ ಗೈಡನ್ನ ನೋಡಿ. ಶ್ರೀನಿವಾಸ್ ಬಾಂಬೆಯಲ್ಲಿ ಮಾಡಿದ್ದು ಅದನ್ನೇ.

ಡಿಪಾರ್ಟ್‌ಮೆಂಟಿಗೆ ಒಳ್ಳೇ ಹೆಸರಿದೆ ಅಂತ ಯಾರಾದರೂ ಹೇಳಿದರೆ ಕೇಳಬೇಕಾದ ಮೊದಲ ಪ್ರಶ್ನೆ: ಯಾವ ವರ್ಷದ ಹೆಸರು? ಆಮೇಲೆ ಇವು:

• ಈಗ ಖಾಯಂ ಮೇಷ್ಟ್ರು ಎಷ್ಟು ಜನ? (ಅತಿಥಿ ಉಪನ್ಯಾಸಕರಲ್ಲಿ ಅದ್ಭುತವಾಗಿ ಪಾಠ ಮಾಡೋರಿದ್ದಾರೆ, ನಮಗೆ ಕಾಸ್ಟಿಂಗ್ ಅರ್ಥ ಮಾಡಿಸಿದ್ದು ಅವರೇ. ಆದರೆ ಮುಂದಿನ ವರ್ಷ ಇರ್ತಾರೋ ಇಲ್ಲವೋ ಅಂತ ಅವರಿಗೇ ಗೊತ್ತಿರಲ್ಲ, ಪಾಪ.)
• ಐದು ವರ್ಷದಲ್ಲಿ ಯಾರು ಹೋದರು, ಅವರ ಜಾಗಕ್ಕೆ ಯಾರು ಬಂದರು?
• ಸಿಲಬಸ್‌ನಲ್ಲಿರೋ ಆಪ್ಷನಲ್ ಪೇಪರ್‌ಗಳಲ್ಲಿ ನಿಜವಾಗಿ ನಡೆಯೋದು ಎಷ್ಟು?
• ಲೈಬ್ರರಿ ಸಂಜೆ ಎಷ್ಟು ಗಂಟೆವರೆಗೆ ತೆಗೆದಿರುತ್ತೆ?
• ಹಾಸ್ಟೆಲ್ ಸಿಗುತ್ತಾ? ಫೀಸ್ ಎಷ್ಟು?

ಇದಕ್ಕೆಲ್ಲ ಉತ್ತರ ವೆಬ್‌ಸೈಟಲ್ಲಿ ಸಿಗಲ್ಲ. ಈಗ ಅಲ್ಲಿ ಫೈನಲ್ ಇಯರ್‌ನಲ್ಲಿರೋ ಮೂರು ಜನಕ್ಕೆ ಫೋನ್ ಮಾಡಿ.

ನಾನೂ ಮಾಡಿದೆ. ಆ ಚಿಕ್ಕ ಯೂನಿವರ್ಸಿಟಿಯಲ್ಲಿ ಎಲ್ಲರೂ ಹೊಗಳೋ ಪ್ರೊಫೆಸರ್ ಮುಂದಿನ ವರ್ಷ ರಿಟೈರ್ ಆಗ್ತಾರಂತೆ. ಎದೆ ಧಸಕ್ ಅಂತು, 1972ರ ಆ ಹುಡುಗಿ ನೆನಪಾದಳು. ಆದರೆ ಕಳೆದ ಎರಡು ವರ್ಷದಲ್ಲಿ ಇಬ್ಬರು ಹೊಸ ಮೇಷ್ಟ್ರು ಖಾಯಂ ಆಗಿ ಬಂದಿದ್ದಾರೆ, ಒಬ್ಬರು ಶನಿವಾರವೂ ಹುಡುಗರನ್ನ ಕೂರಿಸಿಕೊಂಡು ಓದಿಸ್ತಾರೆ ಅಂತ ಮೂವರೂ ಬೇರೆ ಬೇರೆಯಾಗಿ ಹೇಳಿದರು. ಫೋಟೋಗೆ ಹಾರ ಹಾಕೋ ಜಾಗ ಅಲ್ಲ ಅನ್ನಿಸಿತು. ನನ್ನ ಮನಸ್ಸು ಆ ಕಡೆಗೇ.

ಅಪ್ಪನಿಗೆ ರಾತ್ರಿ ಊಟಕ್ಕೆ ಕೂತಾಗ ಎಲ್ಲ ಹೇಳಿದೆ, ಡಿ ಸ್ಕೂಲ್ ಕಥೆ ಸಮೇತ. ಪೂರ್ತಿ ಕೇಳಿದರು. ಆಮೇಲೆ, "ಎರಡೂ ಕಡೆ ಅರ್ಜಿ ಹಾಕು. ಆ ಶನಿವಾರದ ಮೇಷ್ಟ್ರನ್ನ ಒಂದು ಸಲ ನಾನೂ ನೋಡಬೇಕು" ಅಂದರು. ಮುಂದಿನ ಶನಿವಾರ ಬೆಳಿಗ್ಗೆ ಆರೂವರೆ ಬಸ್ಸಿಗೆ ಇಬ್ಬರೂ ಹೋಗ್ತಿದ್ದೀವಿ.

ನಿಮ್ಮ ಡಿಪಾರ್ಟ್‌ಮೆಂಟಲ್ಲಿ ಈಗ ಖಾಯಂ ಮೇಷ್ಟ್ರು ಎಷ್ಟು ಜನ ಇದ್ದಾರೆ? ಕಾಲೇಜ್ ಹೆಸರು ಬೇಡ, ಸಂಖ್ಯೆ ಮಾತ್ರ ಕಮೆಂಟಲ್ಲಿ ಹಾಕಿ. ಅರ್ಜಿ ತುಂಬ್ತಿರೋ ಫ್ರೆಂಡ್ ಇದ್ದರೆ ಇದನ್ನ ಕಳಿಸಿ, ಕೊನೇ ದಿನಾಂಕಕ್ಕೆ ಮುಂಚೆ.

#ಬಿಕಾಂನಂತರಏನು #ಪಿಜಿಅರ್ಜಿ #ಇತಿಹಾಸದಪುಟ